ರಸ್ತೆ ದಾಟುವಷ್ಟು ಹೊತ್ತು

...ಅಲ್ಲ ಅತ್ತಿಗೆ, ನಾನು ಕೇಳ್ತಿರೋದು ಒಂದೇ ಒಂದು ಸಹಿ. ಇಗೋ ಇಲ್ಲಿ, ಈ ಗೆರೆ ಮೇಲೆ. ‘ಮೃತರ ಪತ್ನಿ’ ಅಂತ ಇದೆಯಲ್ಲ, ಅದರ ಮುಂದೆ. ಕನ್ನಡಕ ಬೇಕಾ? ನನ್ನದು ತಗೊಳ್ಳಿ... ಬೇಡ್ವಾ. ಸರಿ ಸರಿ, ಆ ಗುಂಡಿ ಕಾಜಾ ಹೊಲಿದು ಮುಗಿಸ್ಕೊಳ್ಳಿ. ಕಾಯ್ತೀನಿ. ನನಗೇನೂ ಅವಸರ ಇಲ್ಲ.

ಉಸ್ಸಪ್ಪಾ! ಏನು ಕಡಿದಾದ ಮೆಟ್ಟಿಲು ಇದು. ಆ ಮೊಣಕಾಲು ಇಟ್ಕೊಂಡು ಇವನು ದಿನಾ ಹೇಗೆ ಹತ್ತಿ ಇಳೀತಿದ್ದ? ನಲವತ್ತು ವರ್ಷದ ಸ್ನೇಹ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ, ಕೆಳಗೆ ಅಂಗಡೀಲೇ ಕೂತು ಹರಟೆ ಹೊಡೆದು ಎದ್ದು ಹೋಗಿಬಿಡ್ತಿದ್ದೆ. ಮೇಲೆ ಬಂದೇ ಇಲ್ಲ ನೋಡಿ. ಮೂರು ವಾರದ ಹಿಂದೆ, ಅವನನ್ನ ತಂದಾಗ ಕೂಡ, ಬಾಗಿಲ ತನಕ ಬಂದು... ಒಳಗೆಲ್ಲ ಜನ ತುಂಬಿದ್ರು. ಅದಕ್ಕೇ ಹಾಗೇ ವಾಪಸ್ ಹೋದೆ. ಏನೂ ಅಂದ್ಕೋಬೇಡಿ.

ಓದಿ ಹೇಳ್ಲಾ? ನಾನೇ ಕೂತು ಬರ್ದಿದ್ದು. ಎರಡು ದಿನ ಹಿಡೀತು. ಕೇಳಿ. ‘ಹಿರಿಯ ನಾಗರಿಕರು ರಸ್ತೆ ದಾಟಲು ನಗರಸಭೆಯು ನಿಗದಿಪಡಿಸಿದ ಹದಿನೆಂಟು ಸೆಕೆಂಡುಗಳ ಅವಧಿಯು ಸಾಲದೇ ಹೋದ ಕಾರಣ, ಈ ಬಡಾವಣೆಯ ಗೌರವಾನ್ವಿತ ಟೈಲರ್ ಅವರು ದುರ್ಮರಣಕ್ಕೀಡಾಗಿದ್ದು, ಇದಕ್ಕೆ ಸಂಬಂಧಪಟ್ಟ ಎಂಜಿನಿಯರರ ನಿರ್ಲಕ್ಷ್ಯವೇ...’

ನಕ್ಕಿರಾ? ಇಲ್ವಾ? ತುಟಿ ಹಾಗೆ ಮಾಡಿದ್ರಲ್ಲ, ಅದಕ್ಕೆ ಕೇಳ್ದೆ. ‘ಗೌರವಾನ್ವಿತ’ ಅಂದಿದ್ದಕ್ಕಾ? ಅವನಿದ್ದಿದ್ರೂ ನಗ್ತಿದ್ದ ಬಿಡಿ. ‘ಏನೋ ಸೀಟಿ, ನನ್ನನ್ನ ಇಷ್ಟು ದೊಡ್ಡ ಮನುಷ್ಯ ಮಾಡಿಬಿಟ್ಟೆ’ ಅಂತಿದ್ದ. ಇಡೀ ಊರಿಗೆ ನಾನು ಡ್ರಿಲ್ ಮೇಷ್ಟ್ರು, ಅವನೊಬ್ಬನಿಗೆ ಸೀಟಿ. ನಾನು ಅವನನ್ನ ದೊರೆ ಅಂತ ಕರೀತಿದ್ದೆ. ಯಾಕೆ ಅಂತ ಹೇಳಿದ್ನಾ ಯಾವತ್ತಾದ್ರೂ? ನಾನು ಸ್ಕೂಲಿಗೆ ಸೇರಿದ ಮೊದಲನೇ ವರ್ಷ. ಮಕ್ಕಳ ಯೂನಿಫಾರ್ಮಿಗೆ ಅಳತೆ ತಗೊಳ್ಳೋಕೆ ಬಂದಿದ್ದ. ಕತ್ತಿಗೆ ಟೇಪು, ಕಿವಿ ಮೇಲೆ ಸೀಮೆಸುಣ್ಣ. ಮುನ್ನೂರು ಮಕ್ಕಳು ಮೈದಾನದ ತುಂಬ ಗಲಾಟೆ, ನಾನು ಸೀಟಿ ಊದಿ ಊದಿ ಸುಸ್ತು. ಇವನು ಒಂದು ಮರದ ಕುರ್ಚಿ ಎಳ್ಕೊಂಡು ಕೂತು, ‘ಯಾರ ಚಡ್ಡಿ ಉದ್ದ ಇರಬೇಕು, ಯಾರದು ಗಿಡ್ಡ ಇರಬೇಕು ಅಂತ ನಾನು ತೀರ್ಮಾನ ಮಾಡೋನು’ ಅಂದ. ಅಷ್ಟೇ! ಮುನ್ನೂರು ಮಕ್ಕಳೂ ಗಪ್‌ಚಿಪ್. ಅವತ್ತಿಂದ ದೊರೆ.

ಇರ್ಲಿ... ಇರ್ಲಿ ಬಿಡಿ. ಈಗ ಕಾಗದದ ವಿಷಯ.

ಮೆಡಿಕಲ್ ಶಾಪಿನವನು ಸಹಿ ಹಾಕಿದ್ದಾನೆ. ಹೆಡ್‌ಮಿಸ್ ಹಾಕಿದ್ದಾರೆ. ಲೈಬ್ರರಿಯಮ್ಮ ಹಾಕಿದ್ದಾರೆ. ಬಸ್ ಡಿಪೋ ಮ್ಯಾನೇಜರ್ ಮಾತ್ರ ‘ನೋಡೋಣ’ ಅಂದ. ಅವನು ಹಾಗೇ. ಕಮಿಟಿ ಅಂದ್ರೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು ತಾನೇ? ಅದಕ್ಕೇ ತಾನೇ ಅದನ್ನ ಮಾಡಿದ್ದು? ‘ಹಿರಿಯಸ್ನೇಹಿ ನಗರ’! ನಗರಸಭೆ ಒಂದು ಕೈ, ಅಂಗಡಿಯವರು ಒಂದು ಕೈ, ಸ್ಕೂಲು, ಡಿಪೋ, ಲೈಬ್ರರಿ, ಎಲ್ಲರೂ ಕೈಜೋಡಿಸಿ ವಯಸ್ಸಾದವರಿಗೆ ಊರನ್ನ ಹದ ಮಾಡೋದು. ವಯಸ್ಸಾದವರ ಪರವಾಗಿ ನಾನು. ಮೊದಲನೇ ಮೀಟಿಂಗ್ ಮುಗಿಸಿ ಬಂದು ಅವನಿಗೆ ಹೇಳಿದ್ರೆ ಏನಂದ ಗೊತ್ತಾ? ‘ಊರಿಗೆ ನಮ್ಮ ಮೇಲೆ ಸ್ನೇಹ ಬಂತಾ? ಹಲ್ಲಿದ್ದಾಗ ಬರಬಾರದಿತ್ತಾ’ ಅಂದ.

ಆದ್ರೆ ಕೆಲಸ ಆಯ್ತು ಅತ್ತಿಗೆ, ಇಲ್ಲ ಅನ್ನಬೇಡಿ. ಹನ್ನೊಂದು ಬೆಂಚು ಹಾಕಿಸಿದ್ವಿ. ಔಷಧಿ ಚೀಟಿ ಮೇಲೆ ದಪ್ಪ ಅಕ್ಷರ ಬಂತು. ಎಂಟು ಅಂಗಡಿ ಮುಂದೆ ಕುರ್ಚಿ, ಏನೂ ಕೊಳ್ಳದೇ ಇದ್ರೂ ಕೂತ್ಕೋಬಹುದು. ಬೆಂಚಂತೂ... ಮೊದಲು ತಂದಿದ್ದು ತಗ್ಗಾಗಿತ್ತು, ಕೂತವರು ಏಳೋಕಾಗ್ತಿರ್ಲಿಲ್ಲ. ಅವನೇ ಟೇಪು ಹಿಡಿದು ಅಳೆದು, ‘ಎರಡು ಇಂಚು ಎತ್ತರಿಸೋಕೆ ಹೇಳು, ಇಲ್ದಿದ್ರೆ ಮುದುಕರನ್ನ ಕೂರಿಸಿ ಅಲ್ಲೇ ಬಿಟ್ಟು ಬಂದ ಹಾಗಾಗುತ್ತೆ’ ಅಂದ. ಮೀಟಿಂಗಲ್ಲಿ ಹೇಳ್ದೆ. ಎಲ್ಲರೂ ಭಲೇ ಮೇಷ್ಟ್ರೇ ಅಂದ್ರು. ಇದು ನನ್ನ ಮಾತಲ್ಲ, ದೊರೇದು ಅಂತ ಹೇಳೋಣ ಅಂದ್ಕೊಂಡೆ... ಅಷ್ಟರಲ್ಲಿ ಟೀ ಬಂತು.

ಹ್ಞಾ. ಟೀ ಬಂತು. ಆಮೇಲೆ ಮರ್ತೇ ಹೋಯ್ತು.

ಆ ರಸ್ತೆ ವಿಷಯ ಎತ್ತಿದ್ದೂ ನಾನೇ. ಸಿಗ್ನಲ್ಲಲ್ಲಿ ದಾಟೋಕೆ ಹನ್ನೆರಡು ಸೆಕೆಂಡು ಇತ್ತು ಮೊದಲು. ಹನ್ನೆರಡು! ಎಳೇ ಹುಡುಗರೇ ಓಡಬೇಕು. ನಿಮಗೆ ಗೊತ್ತಲ್ಲ, ಅವನು ಒಬ್ಬನೇ ದಾಟ್ತಾನೇ ಇರ್ಲಿಲ್ಲ, ಯಾರಾದ್ರೂ ಸಿಗ್ತಾರೇನೋ ಅಂತ ಕಂಬ ಹಿಡ್ಕೊಂಡು ನಿಂತಿರ್ತಿದ್ದ. ನಾನು ಮೂರು ಮೀಟಿಂಗಲ್ಲಿ ಮೇಜು ಗುದ್ದಿದೆ. ಕೊನೆಗೆ ಎಂಜಿನಿಯರ್ ಹುಡುಗಿ, ಹುಡುಗಿ ಅಂದ್ರೆ ಮೂವತ್ತು ಇರಬಹುದು, ಒಪ್ಕೊಂಡ್ಳು. ‘ವಯಸ್ಸಾದವರು ನಿಜವಾಗಿ ಎಷ್ಟು ಹೊತ್ತಲ್ಲಿ ದಾಟ್ತಾರೆ ಅಂತ ಅಳೀತೀನಿ, ನಿಮ್ಮ ಕಡೆಯವರನ್ನ ಕರ್ಕೊಂಡು ಬನ್ನಿ’ ಅಂದ್ಳು. ಅಳೆದ್ಳು. ಹದಿನೆಂಟು ಅಂತ ಹಾಕಿದ್ಳು. ಹದಿನೆಂಟು ಯಾವ ಮೂಲೆಗೆ ಸಾಕು ಹೇಳಿ? ಸ್ವಲ್ಪ ಯೋಚನೆ ಮಾಡಬೇಕಿತ್ತಲ್ವಾ ಅವಳು? ಎಂಜಿನಿಯರ್ ಅಲ್ವಾ? ಅದಕ್ಕೇ ಈ ಕಾಗದ. ಅವಳ ಮೇಲೆ.

...ಏನು? ಏನಂದ್ರಿ? ಓ, ದಾರ ಕಡಿದ್ರಾ.

ಆ ಅಳತೆ ದಿನ ಅವನು ಯಾಕೆ ನಡೀಲಿಲ್ಲ ಅಂತ ನಿಮಗೆ ಅನ್ನಿಸ್ತಿರಬಹುದು. ಕರೆದಿದ್ದೆ ನಾನು! ಅವನನ್ನೇ ಮೊದಲು ಕರೆದಿದ್ದು. ನನಗಿಂತ ನಿಧಾನ ನಡೆಯೋನು ಬೇಕು ಅಂತಾನೇ. ಆದ್ರೆ ಪಾಪ, ಅವತ್ತು ಅವನಿಗೆ ಜ್ವರ. ಹ್ಞೂಂ, ಜ್ವರ. ಬೆಳಿಗ್ಗೇನೇ ಹೇಳಿ ಕಳ್ಸಿದ್ದ, ಬರೋಕಾಗಲ್ಲ ಅಂತ. ಯಾರ ಹತ್ರ ಹೇಳಿ ಕಳ್ಸಿದ್ದ... ಪೇಪರ್ ಹಾಕೋನ ಹತ್ರ ಇರಬೇಕು. ಇಲ್ಲಾಂದ್ರೆ ಆ ಇಸ್ತ್ರಿ ಹಾಕಿದ ಕೋಟು ತೊಟ್ಕೊಂಡು ಅಷ್ಟು ಚೆನ್ನಾಗಿ...

ಕೋಟು... ಅಂದ್ರೆ, ಅವನು ಬಂದಿದ್ರೆ ಹಾಕ್ಕೊಂಡು ಬರ್ತಿದ್ದ ಅಂತ. ಬೂದು ಕೋಟು. ಅವನ ಹತ್ರ ಇದ್ದಿದ್ದೇ ಅದೊಂದು ಅಲ್ವಾ.

ಸೂಜಿ ಕೆಳಗಿಟ್ರಲ್ಲ. ಮುಗೀತಾ? ಸಹಿ ಹಾಕ್ತೀರಾ ಹಾಗಾದ್ರೆ?

ಅತ್ತಿಗೆ... ಏನು ನೋಡ್ತಿದೀರಿ ಹೊರಗೆ? ಯಾರಾದ್ರೂ ಬಂದ್ರಾ? ಇರಿ, ನಾನು ನೋಡ್ತೀನಿ. ಸ್ವಲ್ಪ ಆ ಬುಟ್ಟಿ ಸರಿಸಿ... ಹಾಂ.

...

ಇಲ್ಲಿಂದ ಇಷ್ಟು ಚೆನ್ನಾಗಿ ಕಾಣುತ್ತಾ?

ಸಿಗ್ನಲ್ಲು, ಬಿಳಿ ಪಟ್ಟಿ, ಕಂಬ... ಸ್ಕೂಲಿನ ಗೇಟು ಕೂಡ. ಅಲ್ಲಿ ಯಾರೋ ಕೊಡೆ ಮಡಚ್ತಾ ಇದಾರೆ, ಅವರ ಕೈ ಕೂಡ ಕಾಣುತ್ತಲ್ಲ. ನೀವು ದಿನಾ ಇಲ್ಲೇ ಕೂತು ಕಾಜಾ ಹೊಲಿಯೋದಾ? ಬೆಳಕು ಬರುತ್ತೆ ಅಂತಾನಾ?

ಅವತ್ತೂ ಇಲ್ಲೇ ಕೂತಿದ್ರಾ? ಆ ಅಳತೆ ದಿನ?

ಹೇಳಿ ಅತ್ತಿಗೆ. ಹೌದು ಅನ್ನಿ, ಇಲ್ಲ ಅನ್ನಿ. ಹಾಗೆ ನೋಡಬೇಡಿ ನನ್ನ.

...ಜ್ವರ ಅಂದಾಗ ‘ಯಾವ ಜ್ವರ’ ಅಂತ ಕೇಳ್ತಾರೆ ಯಾರಾದ್ರೂ. ನನ್ನ ಗಂಡನಿಗೆ ಜ್ವರ ಯಾವಾಗ ಬಂದಿತ್ತು ಅಂತ. ನೀವು ಕೇಳ್ಲಿಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು.

ಕೂತ್ಕೋತೀನಿ.

ಬಂದಿದ್ದ. ಎಲ್ಲರಿಗಿಂತ ಮೊದಲು ಬಂದಿದ್ದ. ಬೂದು ಕೋಟು, ಪಾಲಿಶ್ ಮಾಡಿದ ಶೂ. ನೀವೇ ಮಾಡಿಕೊಟ್ಟಿದ್ರೇನೋ. ‘ಸೀಟಿ, ಇವತ್ತು ನಾನು ನಿಧಾನಕ್ಕೆ ನಡೆದ್ರೆ ಎಲ್ಲರೂ ಬರ್ಕೊಳ್ತಾರಂತೆ! ಜೀವಮಾನದಲ್ಲಿ ಮೊದಲನೇ ಸಲ ನನ್ನ ಕುಂಟುಕಾಲಿಗೆ ಬೆಲೆ ಬಂತು ನೋಡು’ ಅಂದ. ನಗ್ತಿದ್ದ. ಎರಡೂ ಕೈಲಿ ಕೋಲು ಹಿಡ್ಕೊಂಡು ನಗ್ತಿದ್ದ.

ಡಿಪೋ ಮ್ಯಾನೇಜರ್ ನನ್ನ ಪಕ್ಕಕ್ಕೆ ಕರೆದ. ‘ಮೇಷ್ಟ್ರೇ, ಆ ಕೋಲಿನವರನ್ನ ನಡೆಸಿದ್ರೆ ಅರ್ಧ ನಿಮಿಷ ಆಗುತ್ತೆ. ಬಸ್ಸುಗಳು ಸೇತುವೆ ತನಕ ನಿಲ್ಲುತ್ವೆ. ಇಪ್ಪತ್ತು ದಾಟಿದ್ರೆ ನಾವು ಈ ಕಮಿಟೀಲಿ ಇರಲ್ಲ’ ಅಂದ. ಸತ್ಯ. ಅವನು ಹಾಗೇ ಅಂದ, ಬೇಕಾದ್ರೆ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಅವನು ಹೋದ್ರೆ ಬಸ್ಸಿನ ಮೆಟ್ಟಿಲು ತಗ್ಗು ಮಾಡಿಸೋದು ಹೋಯ್ತು, ಎಲ್ಲಾ ಹೋಯ್ತು. ಏನೂ ಇಲ್ಲದೇ ಇರೋದಕ್ಕಿಂತ ಹದಿನೆಂಟಾದ್ರೂ ಸಿಗ್ಲಿ ಅಂತ... ಇಷ್ಟು ದಿನ ಹೀಗೇ ಹೇಳ್ಕೊಂಡು ಬಂದೆ. ರಾತ್ರಿ ಹಗಲು ಇದೇ ಹೇಳ್ಕೊಂಡೆ, ನನಗೆ ನಾನೇ.

ಅದಲ್ಲ ಅತ್ತಿಗೆ. ಅದಲ್ಲ.

ಹೆಡ್‌ಮಿಸ್ಸು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರು. ಕೈಯಲ್ಲಿ ಬೋರ್ಡು, ‘ಹಿರಿಯರಿಗೆ ದಾರಿ ಬಿಡಿ’ ಅಂತ. ನನ್ನ ಸ್ಕೂಲಿನ ಮಕ್ಕಳು. ಮೂವತ್ನಾಲ್ಕು ವರ್ಷ ಅಲ್ಲಿ ನಾನು ‘ಎದೆ ಮುಂದೆ, ತಲೆ ಮೇಲೆ’ ಅಂತ ಕೂಗಿದೋನು. ಮೆಡಿಕಲ್ ಶಾಪಿನವನು ನನ್ನ ಹಳೇ ಸ್ಟೂಡೆಂಟು, ‘ನಮ್ಮ ಮೇಷ್ಟ್ರಿಗೆ ವಯಸ್ಸೇ ಆಗಲ್ಲ’ ಅಂತ ಆ ಎಂಜಿನಿಯರಿಗೆ ಹೇಳ್ತಿದ್ದ. ನಾನು ಉಬ್ಬಿ ಹೋದೆ. ಅಷ್ಟರಲ್ಲಿ ಇವನು ಫುಟ್‌ಪಾತಿಂದ ಕೆಳಗಿಳಿಯೋಕೆ ಹೋಗಿ, ಕೋಲು ಜಾರಿ, ಒಂದು ಸಲ ಹೀಗೆ ವಾಲಿದ. ಬೀಳ್ಲಿಲ್ಲ. ಮಕ್ಕಳ ಸಾಲಲ್ಲಿ ಯಾರೋ ಕಿಸಕ್ ಅಂತು. ಒಂದೇ ಒಂದು ಮಗು. ಬೇಕು ಅಂತ ನಕ್ಕಿದ್ದಲ್ಲ. ಇವನಿಂದ ಶುರು ಮಾಡಿದ್ರೆ, ಇವನ ಹಿಂದೆ ನಾನು ನಡೆದ್ರೆ... ಆ ಮಕ್ಕಳ ಕಣ್ಣಲ್ಲಿ ನಾವಿಬ್ಬರೂ ಒಂದೇ ಆಗಿಬಿಡ್ತೀವಿ ಅನ್ನಿಸ್ತು.

ಹೋಗಿ ಅವನ ಭುಜದ ಮೇಲೆ ಕೈಯಿಟ್ಟೆ. ಅದೂ ಕಂಡಿರುತ್ತೆ ನಿಮಗೆ ಇಲ್ಲಿಂದ. ಸ್ನೇಹಿತರು ಏನೋ ಮಾತಾಡ್ತಿದಾರೆ ಅಂತ ಅಂದ್ಕೊಂಡಿರ್ತೀರಿ. ನಾನಂದಿದ್ದು ಏನು ಗೊತ್ತಾ? ‘ನೀನು ಮನೆಗೆ ಹೋಗು ದೊರೆ. ಇಲ್ಲಿ ನಮ್ಮೆಲ್ಲರ ಮರ್ಯಾದೆ ಹೋಗುತ್ತೆ.’

ಹ್ಞೂಂ. ಹಾಗೇ ಅಂದೆ. ನಮ್ಮೆಲ್ಲರ ಅಂದೆ.

ಅವನು ಟೈಲರ್ ಅಲ್ವಾ, ಒಂದು ಸಲ ನನ್ನ ಮೇಲಿಂದ ಕೆಳಗೆ ನೋಡಿದ, ಅಳತೆ ತಗೊಂಡ ಹಾಗೆ. ‘ಆಯ್ತಪ್ಪ’ ಅಂದ. ತಿರುಗಿದ. ಕೋಟಿನ ಬೆನ್ನು ಒಂಚೂರೂ ಮಡಿಕೆ ಬಿದ್ದಿರ್ಲಿಲ್ಲ.

ನಾನು ನಡೆದೆ. ಎದೆ ಮುಂದೆ ಮಾಡಿ, ಕೈ ಬೀಸಿ. ಹದಿನೈದು ಸೆಕೆಂಡು. ಮಕ್ಕಳು ಚಪ್ಪಾಳೆ ತಟ್ಟಿದ್ರು! ಆ ಹುಡುಗಿ... ಅವಳು ಒಳ್ಳೆಯವಳು ಅತ್ತಿಗೆ, ಕಾಗದದಲ್ಲಿ ಬರೆದಿದ್ದೆಲ್ಲ ಸುಳ್ಳು. ಅವಳು ಗಡಿಯಾರ ನಿಲ್ಲಿಸಿ ಕೇಳಿದ್ಳು. ‘ಸಾರ್, ನಿಮಗಿಂತ ನಿಧಾನ ನಡೆಯೋರು ಈ ಕಡೆ ಯಾರೂ ಇಲ್ವಾ? ಕೋಲು ಹಿಡಿಯೋರು?’ ಅಂತ. ಎರಡು ಸಲ ಕೇಳಿದ್ಳು. ಅವನು ಇನ್ನೂ ನಿಮ್ಮ ಮೆಟ್ಟಿಲ ಹತ್ರಾನೇ ಇದ್ದ. ಕೂಗಿದ್ರೆ ಕೇಳಿಸ್ತಿತ್ತು. ನಾನು, ‘ಇಲ್ಲಮ್ಮ, ನಾವೆಲ್ಲ ಹೀಗೇ’ ಅಂದೆ. ಸಹಿ ಹಾಕಿ ಅಂದ್ಳು, ಹಿರಿಯರ ಪ್ರತಿನಿಧಿ ಅಂತ ಹಾಕಿದೆ. ಅವಳು ಪಾಪ, ‘ಇರ್ಲಿ’ ಅಂತ ತನ್ನ ಕಡೆಯಿಂದ ಮೂರು ಸೆಕೆಂಡು ಸೇರಿಸಿದ್ಳು. ಹದಿನೆಂಟಾಯ್ತು.

ಆಮೇಲೆ ಮೂರು ದಿನ ನಾನು ಹಾಸಿಗೆ ಬಿಟ್ಟು ಏಳ್ಲಿಲ್ಲ. ಸೊಂಟ ಹಿಡ್ಕೊಂಡಿತ್ತು. ಮಗಳಿಗೆ ಹೊಟ್ಟೆ ಸರಿ ಇಲ್ಲ ಅಂತ ಹೇಳಿದ್ದೆ. ನನ್ನ ನಡಿಗೆಯೇ ಅಲ್ಲ ಅದು. ಮನೇಲಿ ನಾನು ಗೋಡೆ ಹಿಡ್ಕೊಂಡು ನಡೀತೀನಿ ಅತ್ತಿಗೆ. ಹೊರಗಡೆ ಮಾತ್ರ... ಬೀದಿ ತಿರುವಿಗೆ ಬಂದ ಮೇಲೆ ಬೆನ್ನು ನೆಟ್ಟಗೆ ಮಾಡ್ಕೋತೀನಿ.

ಅವನು ನನಗೆ ಒಂದು ಮಾತು ಅನ್ನಬೇಕಿತ್ತು. ಒಂದು ಬೈಗುಳ. ಒಂದು ವಾರ ಮುನಿಸ್ಕೊಂಡು ಮಾತು ಬಿಟ್ಟಿದ್ರೂ ಆಗ್ತಿತ್ತು. ಇಲ್ಲ! ನಾಲ್ಕನೇ ದಿನ ಅಂಗಡಿಗೆ ಹೋದ್ರೆ, ‘ಬಾರೋ ಸೀಟಿ, ಕೂತ್ಕೋ’ ಅಂತ ಸ್ಟೂಲ್ ತಳ್ಳಿದ. ಸಿಗ್ನಲ್ ಹತ್ರ ಹೊಸ ಬೋರ್ಡು ಹಾಕಿದ್ರಲ್ಲ, ‘ಹಿರಿಯರು ನಿಧಾನವಾಗಿ ದಾಟಬಹುದು’ ಅಂತ, ಅದನ್ನ ಓದಿ, ‘ಚೆನ್ನಾಗಿ ಮಾಡ್ಸಿದೀಯ’ ಅಂದ. ಸ್ಕೂಲ್ ಹಾಲಲ್ಲಿ ನಾನು ಮೊಣಕಾಲು ವ್ಯಾಯಾಮದ ಕ್ಲಾಸು ಶುರು ಮಾಡಿದಾಗ ಮೊದಲನೇ ದಿನ ಬಂದೋನು ಅವನೇ. ಯಾರ ಕೈಯೂ ಹಿಡೀದೆ, ಒಬ್ಬನೇ ದಾಟ್ಕೊಂಡು. ಆರು ವಾರ. ಅರ್ಧಕ್ಕೆ ಕೆಂಪು ಬೀಳ್ತಿತ್ತು, ಬಸ್ಸಿನವರು, ಲಾರಿಯವರು ಹಾರ್ನ್ ಹೊಡೀತಾ ನಿಂತಿರ್ತಿದ್ರು, ಇವನು ಕೋಲೆತ್ತಿ ಸಲಾಮು ಹೊಡೀತಾ ಬರ್ತಿದ್ದ. ಹಾಲಿನ ಬಾಗಿಲಲ್ಲಿ ನಿಂತು ನೋಡ್ತಿದ್ದೆ ನಾನು. ನೋಡ್ತಾನೇ ಇದ್ದೆ. ಹೋಗಿ ಆ ಹುಡುಗಿಗೆ, ‘ಅಮ್ಮ, ನಾನು ಸುಳ್ಳು ಹೇಳಿದೆ, ಇನ್ನೊಂದು ಸಲ ಅಳೀರಿ’ ಅನ್ನೋಕೆ ನಾಲಿಗೆ ಹೊರಳ್ಲಿಲ್ಲ. ನಾಳೆ ಹೇಳೋಣ, ಮುಂದಿನ ಮೀಟಿಂಗಲ್ಲಿ ಹೇಳೋಣ...

ಅವನು ಹೋದ ದಿನ ಬಸ್ಸು ನಿಂತಿತ್ತು. ಅವನಿಗೋಸ್ಕರಾನೇ ನಿಂತಿತ್ತು. ಬಸ್ಸಿನ ಪಕ್ಕದಿಂದ ಬಂದ ವ್ಯಾನಿನವನಿಗೆ ಇವನು ಕಾಣ್ಲಿಲ್ಲ. ಅವನಿಗೆ ಹಸಿರು ಇತ್ತು. ಅವನದ್ದೂ ತಪ್ಪಿಲ್ಲ. ರಸ್ತೆ ಮೇಲೆ ಕೂತು ಎಷ್ಟು ಅತ್ತ ಆ ಮನುಷ್ಯ! ನಾನು ಹಾಲಲ್ಲಿ ಎಲ್ಲರ ಕೈ ಮೇಲೆತ್ತಿಸಿ ‘ಒಂದು, ಎರಡು’ ಅಂತಿದ್ದೆ. ದೊರೆ ಇವತ್ತು ಲೇಟು ಅಂತ ಯಾರೋ ಅಂದ್ರು. ಅಷ್ಟರಲ್ಲಿ ಆ ಸದ್ದು...

ನಿಮಗೆ ಇಲ್ಲಿಂದ...

ಅಯ್ಯೋ. ಅದನ್ನೂ ನೋಡಿದ್ರಿ. ಇದೇ ಕಿಟಕಿ. ಇದೇ ಸ್ಟೂಲು.

ಬೈಯಿರಿ ಅತ್ತಿಗೆ. ಏನಾದ್ರೂ ಅನ್ನಿ. ಎಲ್ಲಾ ಗೊತ್ತಿದ್ದೂ ಇಷ್ಟು ಹೊತ್ತು ನನ್ನ ಕೈಲಿ ಆ ಕಾಗದ ಓದಿಸ್ತಾ ಕೂತ್ರಲ್ಲ, ಮೊದಲೇ ಮುಖಕ್ಕೆ ಹೇಳೋದಲ್ವಾ? ದಿನಾ ಅವನು ಅರ್ಧ ರಸ್ತೇಲಿ ಸಿಕ್ಕಿ ಹಾಕ್ಕೊಳ್ಳೋದು ನೋಡ್ತಿದ್ರಲ್ಲ, ನನಗಾದ್ರೂ ಒಂದು ಮಾತು ಹೇಳೋದಲ್ವಾ, ‘ಮೇಷ್ಟ್ರೇ, ಇದು ಸಾಲದು’ ಅಂತ?

...ಯಾರಿಗೆ ಹೇಳ್ತೀರಿ. ನಾನು ಕೇಳಿದ್ನಾ? ಹನ್ನೊಂದು ಬೆಂಚು, ಎಂಟು ಕುರ್ಚಿ, ಹದಿನಾಲ್ಕು ಮೀಟಿಂಗು. ಒಬ್ಬರಾದ್ರೂ ಈ ಮೆಟ್ಟಿಲು ಹತ್ತಿ ಬಂದು ‘ಅಮ್ಮ, ನಿಮಗೇನು ಕಾಣುತ್ತೆ ಇಲ್ಲಿಂದ’ ಅಂತ ಕೇಳಿದ್ರಾ?

ಪೆನ್ನಾ? ಪೆನ್ನು ಕೇಳ್ತಿದೀರಾ? ಬೇಡ ಅತ್ತಿಗೆ, ಇದಕ್ಕೆ ಸಹಿ ಹಾಕಬೇಡಿ. ಹರಿದು ಹಾಕ್ತೀನಿ. ಆ ಹುಡುಗಿ ಕೆಲಸ ಹೋಗುತ್ತೆ ಇದರಿಂದ. ಬೇಡ ಅಂದ್ನಲ್ಲ, ಅಲ್ಲಿ ಬರೀಬೇಡಿ... ಏನು ಬರೆದ್ರಿ? ಕೊಡಿ ಇಲ್ಲಿ.

ಮೂವತ್ತೊಂದು.

...ಮೂವತ್ತೊಂದಾ? ಅವನದಾ? ದಿನಾ ಎಣಿಸ್ತಿದ್ರಾ?

ಹದಿಮೂರು ಸೆಕೆಂಡು ಹೆಚ್ಚಿಗೆ. ಅಷ್ಟೇನಾ ಅವನಿಗೆ ಬೇಕಾಗಿದ್ದು? ನಾನು ಇಲ್ಲಿ ಬಂದು ಕೂತು ಸುಳ್ಳು ಶುರು ಮಾಡೋಕೆ ಮುಂಚೆ ಉಸಿರು ತಗೊಳ್ಳೋಕೇ ಅದಕ್ಕಿಂತ ಜಾಸ್ತಿ ಹೊತ್ತಾಯ್ತು.

ಅಳಲ್ಲ. ಇಲ್ಲ, ಅಳಲ್ಲ. ನೀವೇ ಅಳ್ತಿಲ್ಲ, ನನಗೇನು ಹಕ್ಕಿದೆ.

ಆ ಹುಡುಗಿ ಆಫೀಸಲ್ಲಿ ಐದರ ತನಕ ಇರ್ತಾಳೆ. ಹೋಗ್ತೀನಿ. ಈಗಲೇ ಹೋಗ್ತೀನಿ. ನಾಳೆ ಅಂದ್ರೆ ಮತ್ತೆ ಹೋಗಲ್ಲ ನಾನು, ನನ್ನ ನನಗೆ ಗೊತ್ತು. ನಿಮ್ಮ ಈ ಮೂವತ್ತೊಂದು ಅವಳ ಮೇಜಿನ ಮೇಲಿಡ್ತೀನಿ, ಯಾರನ್ನ ಯಾಕೆ ವಾಪಸ್ ಕಳ್ಸಿದ್ದೆ ಅನ್ನೋದನ್ನೂ ಹೇಳ್ತೀನಿ. ಆಮೇಲೆ ಕಮಿಟಿ, ಆಮೇಲೆ ಆ ಮಕ್ಕಳ ಎದುರಿಗೆ. ಡಿಪೋದವನು ಇದ್ರೆ ಇರ್ಲಿ, ಹೋದ್ರೆ ಹೋಗ್ಲಿ.

ಮತ್ತೆ ಇಲ್ಲಿಗೆ ಬರಬಹುದಾ ಅಂತ ಕೇಳಲ್ಲ.

ಆಫೀಸಿಗೆ ಹೋಗಬೇಕಂದ್ರೆ ಆ ಕಡೆಗೆ ದಾಟಬೇಕು. ಒಂದು ಮಾತು ಕೇಳ್ಲಾ? ನೀವು ಹೇಗಿದ್ರೂ ಕಿಟಕಿ ಹತ್ರ ಕೂತಿರ್ತೀರಿ. ನನ್ನದೂ ಒಂದು ಸಲ ಎಣಿಸಿ. ಇವತ್ತು ಬೆನ್ನು ನೆಟ್ಟಗೆ ಮಾಡ್ಕೊಳ್ಳಲ್ಲ. ಕೈ ಬೀಸಲ್ಲ.

ಏಳ್ಬೇಡಿ, ಬಾಗಿಲು ನಾನೇ ಎಳ್ಕೋತೀನಿ. ಕಂಬಿ ಹಿಡ್ಕೊಂಡು ಇಳೀತೀನಿ... ಸ್ವಲ್ಪ ಹೊತ್ತಾಗುತ್ತೆ.